ಆಫೀಸಿನ ಕಂಪ್ಯೂಟರಿಗೆ ಮಾಲ್‌ವೇರ್ ಹೊಕ್ಕರೆ: ಮೊದಲು ನೆಟ್‌ವರ್ಕ್ ಕತ್ತರಿಸಿ, ಒರೆಸುವುದು ಆಮೇಲೆ

ಆಂಟಿವೈರಸ್ ಒಂದು ಅಲರ್ಟ್ ಕೊಡುತ್ತದೆ. ಇಲ್ಲವೇ ಅಕೌಂಟ್ಸ್‌ನಿಂದ ಯಾರೋ ಫೋನ್ ಮಾಡಿ, ‘ನನ್ನ ಫೈಲ್ ಯಾವ್ದೂ ಓಪನ್ ಆಗ್ತಿಲ್ಲ, ಹೆಸರಿನ ಕೊನೆಗೆ ಏನೇನೋ ಅಕ್ಷರ ಸೇರ್ಕೊಂಡಿದೆ’ ಅನ್ನುತ್ತಾರೆ. ಆಗ ಕೈ ತಾನಾಗಿಯೇ ಪವರ್ ಬಟನ್ ಕಡೆಗೆ ಹೋಗುತ್ತದೆ, ಇಲ್ಲವೇ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಕಡೆಗೆ. ಎರಡನ್ನೂ ಮಾಡಬೇಡಿ. ಮಾಲ್‌ವೇರ್ ಹೇಗೆ ಬಂತು, ಏನು ಕದ್ದಿತು, ಇನ್ನೆಷ್ಟು ಯಂತ್ರಗಳಲ್ಲಿ ಕೂತಿದೆ ಅಂತ ಗೊತ್ತಾಗುವ ಮೊದಲೇ ಆ ಒಂದು ಯಂತ್ರವನ್ನು ಫಾರ್ಮ್ಯಾಟ್ ಮಾಡಿದರೆ, ಕಳ್ಳ ಬಂದ ಕಿಟಕಿಯನ್ನು ತೆರೆದಿಟ್ಟು ಮನೆ ಗುಡಿಸಿದ ಹಾಗೆ ಆಗುತ್ತದೆ.

ದೊಡ್ಡ ಸೆಕ್ಯೂರಿಟಿ ತಂಡ ಇಲ್ಲದ ಆಫೀಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಬ್ಬರೋ ಇಬ್ಬರೋ ಐಟಿಯವರು ಇರುತ್ತಾರೆ, ಪ್ರಿಂಟರ್‌ನಿಂದ ಸರ್ವರ್‌ವರೆಗೆ ಎಲ್ಲವನ್ನೂ ಅವರೇ ನೋಡಬೇಕು. ಅಂಥವರಿಗೆ ಬೇಕಾಗುವುದು ಯಾವುದಾದ ಮೇಲೆ ಯಾವುದು ಅನ್ನುವ ಕ್ರಮ. ಹೆಚ್ಚಾಗಿ ವಿಂಡೋಸ್ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ಆಫೀಸುಗಳಲ್ಲಿ ಜಾಸ್ತಿ ಇರುವುದು ಅದೇ.

ಮೊದಲ ಹತ್ತು ನಿಮಿಷ

ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರೆ ಮಾಡಿ. ಪವರ್ ಹಾಗೇ ಇರಲಿ. ಕೇಳಲು ಸುಲಭ, ಆದರೆ ಇಲ್ಲೇ ಬಹಳ ಜನ ಎಡವುತ್ತಾರೆ. ಲ್ಯಾನ್ ಕೇಬಲ್ ಕಿತ್ತ ತಕ್ಷಣ ಲ್ಯಾಪ್‌ಟಾಪ್ ತನಗೆ ಗೊತ್ತಿರುವ ವೈಫೈಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ, ನೀವು ‘ಕಟ್ ಮಾಡಿದೆ’ ಅಂದುಕೊಂಡು ಆ ಕಡೆ ಹೋಗುತ್ತೀರಿ, ಅದು ಇನ್ನೂ ಹೊರಗೆ ಮಾತಾಡುತ್ತಲೇ ಇರುತ್ತದೆ. ಆದ್ದರಿಂದ ಕೇಬಲ್, ವೈಫೈ, ಬ್ಲೂಟೂತ್, ಮೊಬೈಲ್ ಹಾಟ್‌ಸ್ಪಾಟ್, ಸಿಮ್ ಇರುವ ಲ್ಯಾಪ್‌ಟಾಪ್ ಆದರೆ ಅದರ ಡೇಟಾ, ಎಲ್ಲವನ್ನೂ ನೋಡಿ. ಡಾಕಿಂಗ್ ಸ್ಟೇಷನ್‌ಗೆ ತನ್ನದೇ ನೆಟ್‌ವರ್ಕ್ ಪೋರ್ಟ್ ಇರುತ್ತದೆ, ಅದನ್ನು ಮರೆಯಬೇಡಿ. ನಿಮ್ಮಲ್ಲಿ ಇಡಿಆರ್ (ಪ್ರತಿ ಯಂತ್ರವನ್ನೂ ದೂರದಿಂದ ಗಮನಿಸಿ ತಡೆಯುವ ಸೆಕ್ಯೂರಿಟಿ ಸಾಫ್ಟ್‌ವೇರ್) ಇದ್ದರೆ ಇನ್ನೂ ಒಳ್ಳೆಯದು. ಅದರ ಕನ್ಸೋಲ್‌ನಲ್ಲಿ ‘ಐಸೊಲೇಟ್’ ಒತ್ತಿದರೆ ಯಂತ್ರ ಕನ್ಸೋಲ್ ಜೊತೆ ಮಾತ್ರ ಮಾತಾಡುತ್ತದೆ, ಬೇರೆ ಎಲ್ಲ ಸಂಪರ್ಕ ನಿಲ್ಲುತ್ತದೆ, ನೀವು ಕೂತಲ್ಲಿಂದಲೇ ತನಿಖೆ ಮಾಡಬಹುದು. ವರ್ಚುವಲ್ ಮಷಿನ್ ಆದರೆ ಮೆಮೊರಿ ಸಮೇತ ಸ್ನ್ಯಾಪ್‌ಶಾಟ್ ತೆಗೆದು, ನೆಟ್‌ವರ್ಕ್ ಅಡಾಪ್ಟರ್ ಡಿಸ್ಕನೆಕ್ಟ್ ಮಾಡಿ.

ಪವರ್ ಯಾಕೆ ತೆಗೆಯಬಾರದು ಅಂದರೆ, ಈಗಿನ ಮಾಲ್‌ವೇರ್‌ನಲ್ಲಿ ಎಷ್ಟೋ ಭಾಗ ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ಮೆಮೊರಿಯಲ್ಲೇ ಓಡುತ್ತದೆ. ಯಾವ ಪ್ರೋಗ್ರಾಂ ಯಾವುದನ್ನು ಶುರುಮಾಡಿತು, ಯಾವ ವಿಳಾಸಕ್ಕೆ ಸಂಪರ್ಕ ಇತ್ತು, ಕೆಲವೊಮ್ಮೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಳಸಿದ ಕೀ ಕೂಡ ಅಲ್ಲೇ ಇರುತ್ತದೆ. ಆಫ್ ಮಾಡಿದರೆ ಎಲ್ಲ ಹೋಯಿತು. ಇದಕ್ಕೆ ಒಂದೇ ವಿನಾಯಿತಿ: ಕಣ್ಣೆದುರೇ ಫೈಲುಗಳು ಒಂದೊಂದಾಗಿ ಎನ್‌ಕ್ರಿಪ್ಟ್ ಆಗುತ್ತಿವೆ, ನೆಟ್‌ವರ್ಕ್ ಕತ್ತರಿಸಲು ದಾರಿಯೇ ಇಲ್ಲ, ಅಥವಾ ಆ ಯಂತ್ರದಲ್ಲಿ ಬೇರೆಲ್ಲೂ ಪ್ರತಿ ಇಲ್ಲದ ಡೇಟಾ ಇದೆ. ಆಗ ಯೋಚನೆ ಮಾಡುತ್ತಾ ನಿಲ್ಲಬೇಡಿ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಸಾಕ್ಷಿಗಿಂತ ಡೇಟಾ ಮುಖ್ಯ.

ಒಂದು ಮಾತನ್ನು ಒತ್ತಿ ಹೇಳಬೇಕು. ಸೋಂಕು ತಗುಲಿದ ಯಂತ್ರಕ್ಕೆ, ಆಫೀಸಿನ ಎಲ್ಲ ಯಂತ್ರಗಳ ಮೇಲೂ ಹಿಡಿತವಿರುವ ಡೊಮೇನ್ ಅಡ್ಮಿನ್ ಅಕೌಂಟಿನಿಂದ ಲಾಗಿನ್ ಆಗಬೇಡಿ, ಎದುರಿಗೆ ಕೂತೂ ಬೇಡ, ರಿಮೋಟ್ ಡೆಸ್ಕ್‌ಟಾಪ್‌ನಿಂದಲೂ ಬೇಡ. ‘ಬೇಗ ನೋಡಿಬಿಡೋಣ’ ಅಂತ ಲಾಗಿನ್ ಆದ ಕ್ಷಣ ನಿಮ್ಮ ಗುರುತಿನ ವಿವರ ಆ ಯಂತ್ರದಲ್ಲಿ ಲಾಗಿನ್ ನೋಡಿಕೊಳ್ಳುವ ಎಲ್‌ಸ್ಯಾಸ್ ಪ್ರೋಸೆಸ್‌ನ ಮೆಮೊರಿಗೆ ಬರುತ್ತದೆ. ಮಿಮಿಕ್ಯಾಟ್ಜ್‌ನಂಥ ಟೂಲ್ ಅದನ್ನು ಅಲ್ಲಿಂದ ಎತ್ತಿಕೊಳ್ಳುತ್ತದೆ. ಒಂದು ಯಂತ್ರದ ತೊಂದರೆ ಇಡೀ ಆಫೀಸಿನ ತೊಂದರೆ ಆಗುವುದು ಬಹಳ ಸಲ ಹೀಗೆಯೇ. ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ ಲೋಕಲ್ ಅಡ್ಮಿನ್ ಅಕೌಂಟ್ ಬಳಸಿ. ಅದರ ಪಾಸ್‌ವರ್ಡ್ ಪ್ರತಿ ಯಂತ್ರಕ್ಕೂ ಬೇರೆ ಬೇರೆ ಇರಬೇಕು, ಮೈಕ್ರೋಸಾಫ್ಟ್‌ನ ಲ್ಯಾಪ್ಸ್ ಈ ಕೆಲಸವನ್ನು ತಾನೇ ಮಾಡಿಕೊಡುತ್ತದೆ.

ಈ ವಿಷಯದ ಮಾತುಕತೆ ಆಫೀಸಿನ ಈಮೇಲ್‌ನಲ್ಲಿ ಬೇಡ. ಒಳಗೆ ಬಂದವರು ನಿಮ್ಮ ಮೇಲ್ ಓದುತ್ತಿದ್ದರೆ ನಿಮ್ಮ ಮುಂದಿನ ಹೆಜ್ಜೆ ಅವರಿಗೆ ಮೊದಲೇ ಗೊತ್ತಾಗುತ್ತದೆ. ಫೋನ್ ಮಾಡಿ. ಜೊತೆಗೆ ಒಂದು ಪುಸ್ತಕ ತೆಗೆದು ಬರೆಯಲು ಶುರುಮಾಡಿ: ಎಷ್ಟು ಗಂಟೆಗೆ ಅಲರ್ಟ್ ಬಂತು, ಎಷ್ಟು ಗಂಟೆಗೆ ಕೇಬಲ್ ಕಿತ್ತಿರಿ, ಯಾರು ಏನು ಮುಟ್ಟಿದರು. ಪರದೆಯ ಮೇಲೆ ಇರುವುದನ್ನು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅರ್ಧ ದಿನ ಕಳೆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ, ಮತ್ತು ಲಾಗ್‌ನಲ್ಲಿ ಕಾಣುವ ಒಂದು ಲಾಗಿನ್ ಕಳ್ಳರದೋ ನಿಮ್ಮದೇ ಸಹೋದ್ಯೋಗಿಯದೋ ಅನ್ನುವ ಗೊಂದಲ ಖಂಡಿತ ಬರುತ್ತದೆ.

ಕ್ಲಿಕ್ ಮಾಡಿದವರ ಹತ್ತಿರ ಕೂತು ಕೇಳಿ

ಯಾವ ಟೂಲ್ ಕೂಡ ಕೊಡದಷ್ಟು ಮಾಹಿತಿ ಆ ಕುರ್ಚಿಯಲ್ಲಿ ಕೂತವರ ಹತ್ತಿರ ಇರುತ್ತದೆ. ಆದರೆ ಅವರು ಹೆದರಿರುತ್ತಾರೆ. ದಯವಿಟ್ಟು ಬೈಯಬೇಡಿ. ಎಲ್ಲರೆದುರು ಒಬ್ಬರನ್ನು ಬೈದರೆ ಮುಂದಿನ ಸಲ ಇನ್ನೊಬ್ಬರು ವಿಷಯವನ್ನು ಮುಚ್ಚಿಡುತ್ತಾರೆ, ನಿಮಗೆ ಗೊತ್ತಾಗುವುದು ವಾರ ಕಳೆದ ಮೇಲೆ. ‘ನೀವು ಹೇಳಿದ್ದು ಒಳ್ಳೆಯದಾಯ್ತು, ಏನಾಯ್ತು ಅಂತ ಮೊದಲಿಂದ ಹೇಳಿ’ ಅಂತ ಶುರುಮಾಡಿ. ಯಾವ ಮೇಲ್ ಬಂತು, ಯಾವ ಲಿಂಕ್, ಪಾಸ್‌ವರ್ಡ್ ಎಲ್ಲಾದರೂ ಟೈಪ್ ಮಾಡಿದಿರಾ, ಪೆನ್‌ಡ್ರೈವ್ ಹಾಕಿದಿರಾ, ಯಾರಾದರೂ ಫೋನ್ ಮಾಡಿ ‘ಐಟಿಯಿಂದ ಮಾತಾಡ್ತಿದ್ದೀವಿ’ ಅಂದರಾ, ಯಾವತ್ತು ಮೊದಲ ಸಲ ವಿಚಿತ್ರ ಅನ್ನಿಸಿತು.

ಒಂದು ಪ್ರಶ್ನೆಯನ್ನು ಬೇರೆಯಾಗಿ ಕೇಳಿ: ಯಾವುದಾದರೂ ವೆಬ್‌ಸೈಟ್ ‘ನೀವು ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ’ ಅಂದು ವಿಂಡೋಸ್ ಕೀ ಜೊತೆ ‘ಆರ್’ ಒತ್ತಿಸಿ, ಏನನ್ನೋ ಪೇಸ್ಟ್ ಮಾಡಿಸಿ, ಎಂಟರ್ ಒತ್ತಿಸಿತಾ? ‘ಕ್ಲಿಕ್‌ಫಿಕ್ಸ್’ ಅನ್ನುವ ಈ ತಂತ್ರ 2024ರಿಂದ ಬಹಳ ಹಬ್ಬಿದೆ. ಇಂಟರ್‌ನೆಟ್‌ನಿಂದ ಬಂದ ಆಫೀಸ್ ಫೈಲುಗಳ ಮ್ಯಾಕ್ರೋಗಳನ್ನು (ಫೈಲಿನ ಒಳಗೇ ಓಡುವ ಚಿಕ್ಕ ಪ್ರೋಗ್ರಾಂಗಳನ್ನು) ಮೈಕ್ರೋಸಾಫ್ಟ್ 2022ರಲ್ಲಿ ತಾನಾಗಿಯೇ ತಡೆಯಲು ಶುರುಮಾಡಿದ ಮೇಲೆ ಕಳ್ಳರು ಬೇರೆ ಬೇರೆ ದಾರಿ ಹುಡುಕಿದರು. ಇದೂ ಅಂಥದ್ದೇ: ಕಮಾಂಡನ್ನು ಬಳಕೆದಾರರ ಕೈಯಿಂದಲೇ ಓಡಿಸುವುದು. ಇದರ ಗುರುತು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಉಳಿದಿರುತ್ತದೆ. ಆ ಎರಡು ಕೀ ಒತ್ತಿದಾಗ ತೆರೆಯುವ ರನ್ ಬಾಕ್ಸಿನಲ್ಲಿ ಟೈಪ್ ಮಾಡಿದ್ದನ್ನು, ಪೇಸ್ಟ್ ಮಾಡಿದ್ದನ್ನು ವಿಂಡೋಸ್ ‘ರನ್‌ಎಮ್‌ಆರ್‌ಯು’ ಅನ್ನುವ ಕೀಯಲ್ಲಿ ಇಟ್ಟುಕೊಳ್ಳುತ್ತದೆ. ರಿಜಿಸ್ಟ್ರಿ ಎಡಿಟರ್ ತೆಗೆದು ಆ ಹೆಸರು ಹುಡುಕಿದರೆ ಪೇಸ್ಟ್ ಆದ ಸಾಲು ಹಾಗೇ ಸಿಗುವ ಸಾಧ್ಯತೆ ಇದೆ. ಆದರೆ ಅದು ಆ ಬಳಕೆದಾರರ ಪ್ರೊಫೈಲಿನಲ್ಲಿ ಇರುತ್ತದೆ, ಅಡ್ಮಿನ್ ಆಗಿ ಲಾಗಿನ್ ಆಗಿ ನೋಡಿದರೆ ನಿಮ್ಮದೇ ಕಾಣುತ್ತದೆ, ಅವರದ್ದಲ್ಲ.

ಒಳಗೆ ನೋಡುವುದು

ಬೇಗ ಮಾಯವಾಗುವುದನ್ನು ಮೊದಲು ಹಿಡಿಯಬೇಕು. ಸಾಕ್ಷಿ ಸಂಗ್ರಹಿಸುವುದರ ಬಗ್ಗೆ 2002ರಲ್ಲಿ ಬಂದ ಮಾರ್ಗಸೂಚಿ ಆರ್‌ಎಫ್‌ಸಿ 3227 ಹೇಳುವುದೂ ಇದನ್ನೇ: ಮೊದಲು ಮೆಮೊರಿ, ಓಡುತ್ತಿರುವ ಪ್ರೋಸೆಸ್‌ಗಳು, ನೆಟ್‌ವರ್ಕ್ ಸಂಪರ್ಕಗಳು, ಡಿಸ್ಕ್ ಆಮೇಲೆ. ಮೆಮೊರಿಯ ಪ್ರತಿ ತೆಗೆಯಲು ವಿನ್‌ಪಿಮೆಮ್ ಅಥವಾ ಎಫ್‌ಟಿಕೆ ಇಮೇಜರ್ ಸಾಕು. ಪ್ರತಿಯನ್ನು ಹೊಸ ಎಕ್ಸ್‌ಟರ್ನಲ್ ಡ್ರೈವ್‌ಗೆ ಬರೆಯಿರಿ, ಆ ಯಂತ್ರದ ಡಿಸ್ಕ್‌ಗೆ ಅಲ್ಲ. ಆ ಡ್ರೈವ್ ಈಗ ಸೋಂಕಿನ ಯಂತ್ರಕ್ಕೆ ತಾಗಿದೆ ಅನ್ನುವುದೂ ನೆನಪಿರಲಿ, ಅದನ್ನು ತಂದು ನಿಮ್ಮ ಲ್ಯಾಪ್‌ಟಾಪ್‌ಗೆ ಸುಮ್ನೆ ಚುಚ್ಚಬೇಡಿ. ಮೆಮೊರಿಯನ್ನು ಬಿಡಿಸಿ ನೋಡಲು ವೊಲಾಟಿಲಿಟಿ ಅನ್ನುವ ಉಚಿತ ಟೂಲ್ ಇದೆ. ಅದನ್ನು ಕಲಿಯಲು ಸಮಯ ಬೇಕು. ನಿಮಗೆ ಬರದಿದ್ದರೂ ಪ್ರತಿ ತೆಗೆದಿಡಿ, ನಾಳೆ ಪರಿಣತರನ್ನು ಕರೆದಾಗ ಅವರು ಮೊದಲು ಕೇಳುವುದೇ ಅದನ್ನು.

ಇನ್ನು ಪ್ರೋಸೆಸ್‌ಗಳು. ಟಾಸ್ಕ್ ಮ್ಯಾನೇಜರ್ ಸಾಲದು, ಯಾಕೆಂದರೆ ಯಾರು ಯಾರನ್ನು ಹುಟ್ಟಿಸಿದರು ಅನ್ನುವುದು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಕಂತೆಯಲ್ಲಿರುವ ಪ್ರೋಸೆಸ್ ಎಕ್ಸ್‌ಪ್ಲೋರರ್ ಬಳಸಿ, ಅದು ಮರದ ಕೊಂಬೆಗಳಂತೆ ತೋರಿಸುತ್ತದೆ. ನೋಡಬೇಕಾದ್ದು ಹೆಸರನ್ನಲ್ಲ, ಜಾಗವನ್ನು ಮತ್ತು ತಾಯಿ ಪ್ರೋಸೆಸನ್ನು. ಎಸ್‌ವಿಸಿಹೋಸ್ಟ್ ಅನ್ನುವ ಹೆಸರಿನವು ಯಾವ ವಿಂಡೋಸ್‌ನಲ್ಲೂ ಹತ್ತಾರು ಓಡುತ್ತಿರುತ್ತವೆ. ಅಸಲಿಯಾದದ್ದು ಸಿಸ್ಟಮ್32 ಫೋಲ್ಡರಿನಿಂದ ಓಡುತ್ತದೆ, ಅದರ ತಾಯಿ ‘ಸರ್ವೀಸಸ್’ ಪ್ರೋಸೆಸ್. ಅದೇ ಹೆಸರು ಬಳಕೆದಾರರ ಆಪ್‌ಡೇಟಾ ಫೋಲ್ಡರಿನಿಂದಲೋ ಟೆಂಪ್ ಫೋಲ್ಡರಿನಿಂದಲೋ ಓಡುತ್ತಿದ್ದರೆ ನೀವು ಹುಡುಕುತ್ತಿದ್ದದ್ದು ಸಿಕ್ಕಿತು ಅಂತಲೇ ಲೆಕ್ಕ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕೊಂಬೆಯ ಮೇಲೆ ಔಟ್‌ಲುಕ್, ಅದರ ಕೆಳಗೆ ವರ್ಡ್, ವರ್ಡ್‌ನ ಕೆಳಗೆ ಪವರ್‌ಶೆಲ್ (ಕಮಾಂಡ್ ಓಡಿಸುವ ವಿಂಡೋಸ್ ಟೂಲ್). ವರ್ಡ್‌ಗೆ ಪವರ್‌ಶೆಲ್ ಹತ್ತಿರ ಏನು ಕೆಲಸ? ಏನೂ ಇಲ್ಲ. ಆ ಪವರ್‌ಶೆಲ್‌ನ ಕಮಾಂಡ್ ಸಾಲನ್ನು ತೆರೆದರೆ ಮೊದಲು ವಿಂಡೋ ಕಾಣದ ಹಾಗೆ ಮಾಡುವ ‘ಹಿಡನ್’, ಆಮೇಲೆ ‘ಎನ್‌ಕ್’, ಅದರ ಹಿಂದೆ ಪರದೆ ತುಂಬುವಷ್ಟು ಉದ್ದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದು ಬೇಸ್64, ಡೇಟಾವನ್ನು ಅಕ್ಷರ-ಅಂಕಿಗಳ ಸಾಲಾಗಿ ಬರೆಯುವ ಒಂದು ವಿಧಾನ. ನಡುನಡುವೆ ದೊಡ್ಡ ‘ಎ’ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಯಾಕೆಂದರೆ ಪವರ್‌ಶೆಲ್ ಬಳಸುವ ಯುಟಿಎಫ್-16 ಅನ್ನುವ ಅಕ್ಷರ ಸಂಕೇತದಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರದ ಜೊತೆಗೂ ಒಂದು ಸೊನ್ನೆ ಬೈಟ್ ಇರುತ್ತದೆ. ಆ ಸಾಲನ್ನು ಕಾಪಿ ಮಾಡಿ ಸೈಬರ್‌ಶೆಫ್‌ಗೆ ಹಾಕಿ. ಅದು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂ ಬಿಟ್ಟಿರುವ ಉಚಿತ ಟೂಲ್, ಲೆಕ್ಕ ಎಲ್ಲ ನಿಮ್ಮ ಬ್ರೌಸರಿನಲ್ಲೇ ನಡೆಯುತ್ತದೆ. ಬೇಸ್64 ಬಿಡಿಸಿ, ಆಮೇಲೆ ಯುಟಿಎಫ್-16 ಬಿಡಿಸಿದರೆ ಒಂದು ವೆಬ್ ವಿಳಾಸ ಹೊರಗೆ ಬರುವುದು ಸಾಮಾನ್ಯ. ಮುಂದಿನ ಅರ್ಧ ಕೆಲಸ ಆ ವಿಳಾಸದ ಮೇಲೆ ನಿಲ್ಲುತ್ತದೆ. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಬ್ರೌಸರಿನಲ್ಲಿ ತೆರೆದು ನೋಡಲು ಹೋಗಬೇಡಿ. ಕ್ಲಿಕ್‌ಫಿಕ್ಸ್ ಆಗಿದ್ದರೆ ಮೇಲಿನ ಕೊಂಬೆ ವರ್ಡ್ ಆಗಿರುವುದಿಲ್ಲ, ವಿಂಡೋಸ್‌ನ ಎಕ್ಸ್‌ಪ್ಲೋರರ್ ಆಗಿರುತ್ತದೆ, ಯಾಕೆಂದರೆ ರನ್ ಬಾಕ್ಸ್ ಅದರದ್ದು.

ಸಂಪರ್ಕಗಳನ್ನು ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟಾಟ್ ಇದೆ, ‘ಎಎನ್‌ಓ’ ಆಯ್ಕೆ ಕೊಟ್ಟರೆ ಯಾವ ಪ್ರೋಸೆಸ್ ಸಂಖ್ಯೆ ಯಾವ ವಿಳಾಸಕ್ಕೆ ಅಂತ ತೋರಿಸುತ್ತದೆ. ನೆಟ್‌ವರ್ಕ್ ಕತ್ತರಿಸಿ ಸ್ವಲ್ಪ ಹೊತ್ತಾಗಿದ್ದರೆ ಇಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಡಿಎನ್‌ಎಸ್ ಕ್ಯಾಶ್‌ನಲ್ಲಿ (ಯಂತ್ರ ಈಚೆಗೆ ಕೇಳಿದ ವೆಬ್ ಹೆಸರುಗಳ ಪಟ್ಟಿಯಲ್ಲಿ) ಹೆಸರುಗಳು ಇನ್ನೂ ಇರಬಹುದು, ಅದನ್ನೂ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ.

ರೀಸ್ಟಾರ್ಟ್ ಆದರೂ ಮತ್ತೆ ಎದ್ದು ಬರಲು ಮಾಲ್‌ವೇರ್ ಎಲ್ಲೋ ಒಂದು ಕಡೆ ತನ್ನ ಹೆಸರು ಬರೆಸಿರುತ್ತದೆ. ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್ ಅಂಥ ಎಲ್ಲ ಜಾಗಗಳನ್ನು ಒಂದೇ ಕಡೆ ತೋರಿಸುತ್ತದೆ: ರನ್ ಕೀಗಳು, ಶೆಡ್ಯೂಲ್ಡ್ ಟಾಸ್ಕ್‌ಗಳು, ಸರ್ವೀಸ್‌ಗಳು, ಸ್ಟಾರ್ಟ್‌ಅಪ್ ಫೋಲ್ಡರ್, ಡಬ್ಲ್ಯೂಎಮ್‌ಐ (ವಿಂಡೋಸ್ ಯಂತ್ರಗಳನ್ನು ನಿರ್ವಹಿಸುವ ವ್ಯವಸ್ಥೆ) ಸಬ್‌ಸ್ಕ್ರಿಪ್ಷನ್. ಮೈಕ್ರೋಸಾಫ್ಟ್ ಸಹಿ ಇರುವುದನ್ನು ಮರೆಮಾಡುವ ಆಯ್ಕೆ ಒತ್ತಿದರೆ ಪಟ್ಟಿ ಚಿಕ್ಕದಾಗುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ. ವಿಂಡೋಸ್ ಜೊತೆಗೇ ಬರುವ ರನ್‌ಡಿಎಲ್‌ಎಲ್32, ಎಮ್‌ಎಸ್‌ಎಚ್‌ಟಿಎ ಇವಕ್ಕೆಲ್ಲ ಮೈಕ್ರೋಸಾಫ್ಟ್ ಸಹಿಯೇ ಇರುತ್ತದೆ, ಕೆಟ್ಟ ಫೈಲನ್ನು ಅವುಗಳ ಬೆನ್ನಿಗೆ ಕಟ್ಟಿ ಓಡಿಸುತ್ತಾರೆ. ಎನಿಡೆಸ್ಕ್, ಸ್ಕ್ರೀನ್‌ಕನೆಕ್ಟ್‌ನಂಥ ರಿಮೋಟ್ ಟೂಲ್‌ಗಳು ನಿಮಗೆ ಗೊತ್ತಿಲ್ಲದೆ ಕೂತಿವೆಯಾ ನೋಡಿ. ಅವು ಮಾಲ್‌ವೇರ್ ಅಲ್ಲ, ಆದ್ದರಿಂದಲೇ ಆಂಟಿವೈರಸ್ ಸುಮ್ಮನಿರುತ್ತದೆ, ಕಳ್ಳರಿಗೆ ಬೇಕಾಗಿರುವುದೂ ಅದೇ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿಯನ್ನೂ ತೆರೆಯಿರಿ. ಒಂದು ಇಡೀ ಡ್ರೈವನ್ನೇ ‘ಸ್ಕ್ಯಾನ್ ಮಾಡಬೇಡ’ ಅಂತ ಅದರಲ್ಲಿ ಸೇರಿಸಿದ್ದರೆ ಅದನ್ನು ನೀವು ಸೇರಿಸಿರಲಿಕ್ಕಿಲ್ಲ.

ಲಾಗ್‌ಗಳ ಬಗ್ಗೆ ಹೇಳುವುದು ಬಹಳ ಇದೆ, ಕೆಲವು ಸಂಖ್ಯೆ ನೆನಪಿಟ್ಟರೆ ಅರ್ಧ ಗೆದ್ದಂತೆ. ಇವೆಂಟ್ ವ್ಯೂವರ್‌ನ ಸೆಕ್ಯೂರಿಟಿ ಲಾಗ್‌ನಲ್ಲಿ 4624 ಅಂದರೆ ಲಾಗಿನ್ ಆಯಿತು, 4625 ಅಂದರೆ ಆಗಲಿಲ್ಲ. 4624ರ ಒಳಗೆ ಲಾಗಿನ್ ಬಗೆ ಇರುತ್ತದೆ: 3 ಅಂದರೆ ನೆಟ್‌ವರ್ಕ್ ಮೂಲಕ, 10 ಅಂದರೆ ರಿಮೋಟ್ ಡೆಸ್ಕ್‌ಟಾಪ್. 4688 ಹೊಸ ಪ್ರೋಸೆಸ್, 4698 ಹೊಸ ಶೆಡ್ಯೂಲ್ಡ್ ಟಾಸ್ಕ್, 4720 ಹೊಸ ಬಳಕೆದಾರ. ಸಿಸ್ಟಮ್ ಲಾಗ್‌ನಲ್ಲಿ 7045 ಹೊಸ ಸರ್ವೀಸ್. 1102 ಕಂಡರೆ ಯಾರೋ ಸೆಕ್ಯೂರಿಟಿ ಲಾಗನ್ನೇ ಅಳಿಸಿದ್ದಾರೆ, ಆ ಒಂದು ಸಾಲೇ ದೊಡ್ಡ ಸಾಕ್ಷಿ. ಪವರ್‌ಶೆಲ್ ಲಾಗ್‌ನಲ್ಲಿ 4104 ನೋಡಿ, ಓಡಿದ ಸ್ಕ್ರಿಪ್ಟ್‌ನ ಪಠ್ಯವೇ ಅಲ್ಲಿರುತ್ತದೆ. ಆ ಲಾಗಿಂಗ್ ನೀವು ಆನ್ ಮಾಡಿರದಿದ್ದರೂ ತೀರಾ ಅನುಮಾನ ಹುಟ್ಟಿಸುವ ಸ್ಕ್ರಿಪ್ಟ್‌ಗಳನ್ನು ಪವರ್‌ಶೆಲ್ 5 ತಾನಾಗಿಯೇ ದಾಖಲಿಸುತ್ತದೆ. ಗೊತ್ತಿರಬೇಕಾದ ಕೊರತೆಗಳೂ ಇವೆ. 4688 ಮತ್ತು 4698 ಬರಬೇಕಾದರೆ ಆಡಿಟ್ ಪಾಲಿಸಿಯಲ್ಲಿ ಮೊದಲೇ ಆನ್ ಮಾಡಿರಬೇಕು, 4688ರಲ್ಲಿ ಪೂರ್ತಿ ಕಮಾಂಡ್ ಸಾಲು ಬರಲು ಇನ್ನೊಂದು ಪಾಲಿಸಿ ಬೇಕು. ಸಾಮಾನ್ಯ ಯಂತ್ರದಲ್ಲಿ ಸೆಕ್ಯೂರಿಟಿ ಲಾಗ್‌ನ ಅಳತೆ ಮೊದಲಿಗೆ ಬರೀ 20 ಎಂಬಿ, ತುಂಬಿದರೆ ಹಳೆಯದು ಅಳಿದುಹೋಗುತ್ತದೆ. ಆದ್ದರಿಂದ ಲಾಗ್ ಫೈಲುಗಳನ್ನು ಬೇಗ ಕಾಪಿ ಮಾಡಿ. ಫೈರ್‌ವಾಲ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯದಲ್ಲಿ ಬರೆಯುತ್ತಿದ್ದು ವಿಂಡೋಸ್ ಸ್ಥಳೀಯ ಸಮಯ ತೋರಿಸುತ್ತಿದ್ದರೆ ಎರಡೂ ತಾಳೆಯಾಗುವುದಿಲ್ಲ, ಎಲ್ಲವನ್ನೂ ಒಂದೇ ಸಮಯಕ್ಕೆ ತಂದು ಬರೆದುಕೊಳ್ಳಿ.

ಯಾವ ಪ್ರೋಗ್ರಾಂ ಯಾವಾಗ ಓಡಿತು ಅಂತ ತಿಳಿಯಲು ವಿಂಡೋಸ್ ಫೋಲ್ಡರಿನ ಒಳಗಿನ ಪ್ರಿಫೆಚ್ ನೋಡಿ. ಕೆಟ್ಟ ಫೈಲು ತನ್ನನ್ನು ತಾನೇ ಅಳಿಸಿಕೊಂಡಿದ್ದರೂ ಅದರ ಹೆಸರಿನ ಪ್ರಿಫೆಚ್ ಫೈಲು ಉಳಿದಿರುವುದುಂಟು. ವಿಂಡೋಸ್ 8ರಿಂದ ಈಚೆಗೆ ಕೊನೆಯ ಎಂಟು ಸಲ ಓಡಿದ ಸಮಯ ಅದರಲ್ಲಿ ಇರುತ್ತದೆ. ಸರ್ವರ್‌ಗಳಲ್ಲಿ ಇದು ಸಾಮಾನ್ಯವಾಗಿ ಆಫ್ ಆಗಿರುತ್ತದೆ.

ಅನುಮಾನದ ಫೈಲು ಸಿಕ್ಕಿತು ಅನ್ನಿ. ತಕ್ಷಣ ಅದನ್ನು, ಫೈಲುಗಳನ್ನು ಹಲವು ಆಂಟಿವೈರಸ್‌ಗಳಲ್ಲಿ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಅಪ್‌ಲೋಡ್ ಮಾಡಬೇಡಿ. ಅಲ್ಲಿ ಹಾಕಿದ ಫೈಲನ್ನು ಹಣ ಕೊಟ್ಟ ಸದಸ್ಯರು ಇಳಿಸಿಕೊಳ್ಳಬಹುದು. ಅದು ನಿಮ್ಮ ಗ್ರಾಹಕರ ಹೆಸರು ಇರುವ ಇನ್‌ವಾಯ್ಸ್ ಆಗಿದ್ದರೆ ನೀವೇ ಸೋರಿಕೆ ಮಾಡಿದ ಹಾಗಾಯಿತು. ನಿಮಗೆಂದೇ ಮಾಡಿದ ಮಾಲ್‌ವೇರ್ ಆಗಿದ್ದರೆ, ಅದು ಅಲ್ಲಿ ಕಂಡ ಕೂಡಲೇ ಸಿಕ್ಕಿಬಿದ್ದೆವು ಅಂತ ಅದರ ಒಡೆಯರಿಗೂ ಗೊತ್ತಾಗುತ್ತದೆ. ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್‌ನಿಂದ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಕ್ಷರ ಸಾಲು) ತೆಗೆದು, ಅದನ್ನು ಮಾತ್ರ ಅಲ್ಲಿ ಹುಡುಕಿ. ಯಾರಿಗೂ ಗೊತ್ತಿಲ್ಲದ ಹ್ಯಾಶ್ ಅಂತ ಬಂದರೆ ಫೈಲು ಒಳ್ಳೆಯದು ಅಂತ ಅರ್ಥವಲ್ಲ, ಹೊಸದು ಅಂತ ಅರ್ಥ.

ಮಾಲ್‌ವೇರ್ ಉಳಿದುಕೊಳ್ಳುವ ಜಾಗಗಳಿಗಾಗಿ ಮ್ಯಾಕ್‌ನಲ್ಲಿ ಲಾಂಚ್‌ಏಜೆಂಟ್ಸ್ ಮತ್ತು ಲಾಂಚ್‌ಡೀಮನ್ಸ್ ಫೋಲ್ಡರುಗಳು, ಲಿನಕ್ಸ್‌ನಲ್ಲಿ ಕ್ರಾನ್, ಸಿಸ್ಟಮ್‌ಡಿ ಮತ್ತು ಪ್ರತಿ ಬಳಕೆದಾರರ ಎಸ್‌ಎಸ್‌ಎಚ್ ಕೀ ಪಟ್ಟಿ ನೋಡಿ. ಕ್ರಮ ಮಾತ್ರ ಇದೇ.

ಎಷ್ಟು ದೂರ ಹರಡಿದೆ

ಒಂದು ಯಂತ್ರದಲ್ಲಿ ಸಿಕ್ಕ ವಿಳಾಸ, ಹ್ಯಾಶ್, ಫೈಲ್ ಹೆಸರು, ಟಾಸ್ಕ್ ಹೆಸರು ಎಲ್ಲವನ್ನೂ ಹಿಡಿದು ಇಡೀ ಆಫೀಸಿನಲ್ಲಿ ಹುಡುಕಿ. ಎಲ್ಲಕ್ಕಿಂತ ಬೇಗ ಫಲ ಕೊಡುವುದು ಡಿಎನ್‌ಎಸ್ ಮತ್ತು ಫೈರ್‌ವಾಲ್ ಲಾಗ್: ಆ ಡೊಮೇನ್ ಹೆಸರನ್ನು ಬೇರೆ ಯಾರ ಯಂತ್ರ ಕೇಳಿದೆ? ಒಂದೇ ವಿಳಾಸಕ್ಕೆ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ, ರಾತ್ರಿ ಯಾರೂ ಕೂತಿಲ್ಲದ ಹೊತ್ತಿನಲ್ಲೂ ಚಿಕ್ಕ ಚಿಕ್ಕ ಸಂಪರ್ಕ ಹೋಗುತ್ತಿದ್ದರೆ ಅದು ಮಾಲ್‌ವೇರ್ ತನ್ನ ಒಡೆಯರಿಗೆ ಹಾಜರಿ ಹಾಕುತ್ತಿರುವುದು ಇರಬಹುದು. ಮೇಲ್ ಮೂಲಕ ಬಂದಿದ್ದರೆ ಮೆಸೇಜ್ ಟ್ರೇಸ್ ಹಾಕಿ, ಅದೇ ಮೇಲ್ ಇನ್ನು ಯಾರಿಗೆಲ್ಲ ಹೋಗಿದೆ ಅಂತ ನೋಡಿ, ಎಲ್ಲರ ಇನ್‌ಬಾಕ್ಸ್‌ನಿಂದಲೂ ತೆಗೆಯಿರಿ. ತೆಗೆಯುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ.

ಪಕ್ಕದ ಯಂತ್ರಕ್ಕೆ ಜಿಗಿದಿದೆಯಾ ಅಂತ ತಿಳಿಯಲು, ಸೋಂಕಿನ ಯಂತ್ರದ ಐಪಿಯಿಂದ ಬೇರೆ ಯಂತ್ರಗಳಿಗೆ ಬಗೆ 3 ಅಥವಾ 10ರ ಲಾಗಿನ್ ಆಗಿದೆಯಾ ನೋಡಿ. 7045ರಲ್ಲಿ, ದೂರದ ಯಂತ್ರದಲ್ಲಿ ಕಮಾಂಡ್ ಓಡಿಸುವ ಪಿಎಸ್‌ಎಕ್ಸೆಕ್ ಟೂಲ್‌ನ ಸರ್ವೀಸ್ ಕಂಡರೆ ಅದನ್ನು ಓಡಿಸಿದವರು ಯಾರು ಅಂತ ಕೇಳಿ. ‘ನಮ್ಮಲ್ಲಿ ಪ್ಯಾಚ್ ಎಲ್ಲ ಹಾಕಿದೆ, ಹರಡಲ್ಲ’ ಅನ್ನುವ ಧೈರ್ಯ ಬೇಡ. 2017ರ ಜೂನ್ 27ರಂದು ಉಕ್ರೇನಿನ ಎಂ.ಇ.ಡಾಕ್ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಹೊಕ್ಕ ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರ್ ಇದನ್ನೇ ತೋರಿಸಿತು. ಪ್ಯಾಚ್ ಇಲ್ಲದ ಯಂತ್ರಗಳಿಗೆ ವಿಂಡೋಸ್‌ನ ಒಂದು ದೋಷದಿಂದ ನುಗ್ಗುವ ಎಟರ್ನಲ್‌ಬ್ಲೂ ಬಳಸಿತು, ಪ್ಯಾಚ್ ಆದ ಯಂತ್ರಗಳಿಗೆ ಮೆಮೊರಿಯಿಂದ ಕದ್ದ ಪಾಸ್‌ವರ್ಡ್ ಹಿಡಿದು ಪಿಎಸ್‌ಎಕ್ಸೆಕ್ ಮತ್ತು ಡಬ್ಲ್ಯೂಎಮ್‌ಐ ಮೂಲಕ ಹೋಯಿತು. ಹಡಗು ಕಂಪನಿ ಮೇರ್ಸ್ಕ್‌ನ ಡೊಮೇನ್ ಕಂಟ್ರೋಲರ್‌ಗಳು (ಇಡೀ ಕಂಪನಿಯ ಅಕೌಂಟ್‌ಗಳನ್ನು ನೋಡಿಕೊಳ್ಳುವ ಸರ್ವರ್‌ಗಳು) ಒಂದಾದ ಮೇಲೆ ಒಂದು ಅಳಿದುಹೋದವು. ಉಳಿದದ್ದು ಘಾನಾದಲ್ಲಿದ್ದ ಒಂದು, ಅದೂ ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ನೆಟ್‌ವರ್ಕ್‌ನಿಂದ ಹೊರಗೆ ಇದ್ದದ್ದರಿಂದ. ನಿಮ್ಮ ಬ್ಯಾಕಪ್ ಸದಾ ನೆಟ್‌ವರ್ಕ್‌ನಲ್ಲೇ ಕೂತಿದ್ದರೆ ಅದನ್ನೂ ಸೋಂಕಿನ ಪಟ್ಟಿಗೆ ಸೇರಿಸಿ ಪರೀಕ್ಷಿಸಿ.

ಬ್ರೌಸರಿನಿಂದ ಕದಿಯುವ ಸ್ಟೀಲರ್ ಬಗೆಯದ್ದಾದರೆ ಅದು ಹರಡದೆಯೂ ಹಾನಿ ಮಾಡಿ ಮುಗಿಸಿರುತ್ತದೆ. ಉಳಿಸಿದ್ದ ಪಾಸ್‌ವರ್ಡ್‌ಗಳ ಜೊತೆ ಲಾಗಿನ್ ಆಗಿದ್ದ ಸೆಷನ್ ಕುಕಿಗಳನ್ನೂ ಒಯ್ಯುತ್ತದೆ. ಕುಕಿ ಕೈಗೆ ಸಿಕ್ಕರೆ ಪಾಸ್‌ವರ್ಡ್ ಬೇಡ, ಓಟಿಪಿ ಕೂಡ ಬೇಡ. ಆದ್ದರಿಂದ ಆ ವ್ಯಕ್ತಿ ಆ ಯಂತ್ರದಿಂದ ಬಳಸುತ್ತಿದ್ದ ಎಲ್ಲ ಸೇವೆಗಳ ಪಟ್ಟಿ ಮಾಡಿಸಿ, ಅವರ ಸ್ವಂತ ಮೇಲ್ ಮತ್ತು ಬ್ಯಾಂಕ್ ಸಮೇತ. ಅವರ ಸ್ವಂತದ್ದು ಆಫೀಸಿನ ಕೆಲಸ ಅಲ್ಲ ಅಂತ ಬಿಡಬೇಡಿ, ಹಾನಿ ಅವರಿಗೂ ಆಗುತ್ತಿದೆ ಅಲ್ವಾ.

ತಡೆ ಹಾಕುವುದು

ಕೆಟ್ಟ ಡೊಮೇನ್, ಐಪಿ, ಹ್ಯಾಶ್ ಇವನ್ನು ಫೈರ್‌ವಾಲ್, ಡಿಎನ್‌ಎಸ್, ಇಡಿಆರ್ ಮೂರರಲ್ಲೂ ಬ್ಲಾಕ್ ಮಾಡಿ. ಆದರೆ ಅದು ಏನು ಅಂತ ಓದಿಕೊಂಡು ಬ್ಲಾಕ್ ಮಾಡಿ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಅನ್ನುವ ಮಾಲ್‌ವೇರ್ ಒಂದು ಉದ್ದದ ಡೊಮೇನ್‌ಗೆ ಸಂಪರ್ಕಿಸಿ ನೋಡುತ್ತಿತ್ತು, ಉತ್ತರ ಸಿಕ್ಕರೆ ತಾನಾಗಿಯೇ ನಿಲ್ಲುತ್ತಿತ್ತು. ಸೆಕ್ಯೂರಿಟಿ ಸಂಶೋಧಕ ಮಾರ್ಕಸ್ ಹಚಿನ್ಸ್ ಆ ಡೊಮೇನ್ ನೋಂದಾಯಿಸಿದ್ದರಿಂದ ಅದರ ಓಟ ತಗ್ಗಿತು. ಆಮೇಲೆ ಆ ಹೆಸರನ್ನು ‘ಕೆಟ್ಟದ್ದು’ ಅಂತ ಫೈರ್‌ವಾಲ್‌ನಲ್ಲಿ ಬ್ಲಾಕ್ ಮಾಡಿದ ಕಡೆ ಮಾಲ್‌ವೇರ್‌ಗೆ ಉತ್ತರ ಸಿಗದೆ ಅದು ಮುಂದುವರಿಯುವ ಹಾಗಾಗುತ್ತಿತ್ತು.

ಅಕೌಂಟ್‌ಗಳ ಪಾಸ್‌ವರ್ಡ್ ಬದಲಿಸುವುದನ್ನು ಸೋಂಕಿಲ್ಲದ ಯಂತ್ರದಿಂದಲೇ ಮಾಡಿ, ಮತ್ತು ಅದರ ಜೊತೆಗೇ ತೆರೆದಿರುವ ಎಲ್ಲ ಸೆಷನ್‌ಗಳನ್ನು ರದ್ದು ಮಾಡಿ. ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಕದ್ದ ಕುಕಿ ಎಷ್ಟೋ ಸೇವೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಮೇಲ್‌ಬಾಕ್ಸ್‌ನಲ್ಲಿ ಹೊಸ ಫಾರ್ವರ್ಡಿಂಗ್ ರೂಲ್ ಇದೆಯಾ, ಗೊತ್ತಿಲ್ಲದ ಆಪ್‌ಗೆ ಅನುಮತಿ ಕೊಟ್ಟಿದೆಯಾ, ಹೊಸ ಫೋನನ್ನು ಎರಡನೇ ಪರಿಶೀಲನೆಗೆ ಸೇರಿಸಿದೆಯಾ, ಈ ಮೂರನ್ನು ನೋಡದೆ ಬಿಡಬೇಡಿ. ಡೊಮೇನ್ ಕಂಟ್ರೋಲರ್‌ವರೆಗೆ ಬಂದಿದ್ದರು ಅನ್ನುವ ಅನುಮಾನ ಇದ್ದರೆ, ಡೊಮೇನಿನ ಲಾಗಿನ್ ಟಿಕೆಟ್‌ಗಳಿಗೆ ಸಹಿ ಹಾಕುವ ಕೆಆರ್‌ಬಿಟಿಜಿಟಿ ಅಕೌಂಟಿನ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು, ಯಾಕೆಂದರೆ ಹಿಂದಿನ ಪಾಸ್‌ವರ್ಡನ್ನೂ ಅದು ನೆನಪಿಟ್ಟುಕೊಂಡು ಒಪ್ಪುತ್ತದೆ. ಎರಡರ ನಡುವೆ ಕನಿಷ್ಠ ಹತ್ತು ಗಂಟೆ ಬಿಡಿ, ಟಿಕೆಟ್‌ನ ಮಾಮೂಲಿ ಆಯಸ್ಸು ಅಷ್ಟು.

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಒಳಗೆ ಮನುಷ್ಯರೇ ಕೂತು ಓಡಾಡುತ್ತಿದ್ದಾರೆ ಅಂತ ಲಾಗ್ ಹೇಳಿದರೆ, ಒಂದು ಯಂತ್ರ ಇವತ್ತು ಇನ್ನೊಂದು ನಾಳೆ ಅಂತ ಬಿಡಿಬಿಡಿಯಾಗಿ ತಡೆಯಬೇಡಿ. ಮೊದಲನೆಯದನ್ನು ಮುಟ್ಟಿದ ಕೂಡಲೇ ಅವರು ಎಚ್ಚೆತ್ತು ಬೇರೆ ಬಾಗಿಲು ಮಾಡಿಕೊಳ್ಳುತ್ತಾರೆ, ಇಲ್ಲವೇ ಕೈಗೆ ಸಿಕ್ಕಿದ್ದನ್ನು ಎನ್‌ಕ್ರಿಪ್ಟ್ ಮಾಡಿಬಿಡುತ್ತಾರೆ. ಎಲ್ಲ ಯಂತ್ರ, ಎಲ್ಲ ಅಕೌಂಟ್, ಎಲ್ಲ ಡೊಮೇನ್‌ಗಳ ಪಟ್ಟಿ ಸಿದ್ಧ ಮಾಡಿ ಒಂದೇ ಹೊತ್ತಿಗೆ ಕತ್ತರಿಸಿ. ಎನ್‌ಕ್ರಿಪ್ಷನ್ ಆಗಲೇ ಶುರುವಾಗಿದ್ದರೆ ಈ ಮಾತು ಬಿಟ್ಟುಬಿಡಿ, ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಕತ್ತರಿಸಿ. ಇಡೀ ಸ್ವಿಚ್ ಆಫ್ ಮಾಡಬೇಕಾದರೂ ಸರಿ. ಈ ಹಂತಕ್ಕೆ ಬಂದರೆ ಮೇಲಿನವರಿಗೆ, ವಿಮೆ ಇದ್ದರೆ ವಿಮೆಯವರಿಗೆ, ಕಾನೂನು ನೋಡಿಕೊಳ್ಳುವವರಿಗೆ ಕೂಡಲೇ ಹೇಳಿ. ಬಹಳ ದೇಶಗಳಲ್ಲಿ ಸರ್ಕಾರಕ್ಕೆ ವರದಿ ಮಾಡಲು ಗಂಟೆಗಳ ಲೆಕ್ಕದ ಗಡುವು ಇರುತ್ತದೆ, ಅದು ನಿಮ್ಮ ತನಿಖೆ ಮುಗಿಯಲಿ ಅಂತ ಕಾಯುವುದಿಲ್ಲ.

ಈಗ ಒರೆಸಿ

ಸೋಂಕಿನ ಯಂತ್ರವನ್ನು ‘ಕ್ಲೀನ್’ ಮಾಡಿ ವಾಪಸ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆಂಟಿವೈರಸ್ ಒಂದು ಫೈಲನ್ನು ತೆಗೆದಿದೆ ಅಂದರೆ ಅದಕ್ಕೆ ಗೊತ್ತಿದ್ದ ಫೈಲನ್ನು ತೆಗೆದಿದೆ, ಅಷ್ಟೇ. ಅದನ್ನು ತಂದಿಳಿಸಿದ ಇನ್ನೊಂದು ಫೈಲು ಹಾಗೇ ಇರಬಹುದು. ಡಿಸ್ಕ್‌ನ ಪ್ರತಿ ತೆಗೆದಿಟ್ಟು, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ಅದರ ರಿಕವರಿ ಕೀಯನ್ನು ಆ ಪ್ರತಿಯ ಜೊತೆಗೇ ಭದ್ರವಾಗಿಟ್ಟು, ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿ. ಬ್ಯಾಕಪ್‌ನಿಂದ ತರುವಾಗ ಮೊದಲ ಸೋಂಕಿನ ದಿನಾಂಕ ಗೊತ್ತಿರಲೇಬೇಕು. ಅದಕ್ಕಿಂತ ಹಿಂದಿನ ಬ್ಯಾಕಪ್ ತೆಗೆದುಕೊಳ್ಳಿ. ಈಚಿನ ಬ್ಯಾಕಪ್‌ನಿಂದ ಡಾಕ್ಯುಮೆಂಟ್‌ಗಳು ಮಾತ್ರ ಬರಲಿ, ಅವನ್ನೂ ಸ್ಕ್ಯಾನ್ ಮಾಡಿ. ಪ್ರೋಗ್ರಾಂಗಳು ಬೇಡ.

ರ‍್ಯಾನ್ಸಮ್‌ವೇರ್ ಆಗಿದ್ದರೆ ಎನ್‌ಕ್ರಿಪ್ಟ್ ಆದ ಫೈಲುಗಳನ್ನೂ ಅವರು ಬಿಟ್ಟ ಚೀಟಿಯನ್ನೂ ಎಸೆಯಬೇಡಿ. ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಸೆಕ್ಯೂರಿಟಿ ಕಂಪನಿಗಳು 2016ರಲ್ಲಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಹಲವು ಬಗೆಗಳಿಗೆ ಉಚಿತ ಡಿಕ್ರಿಪ್ಟರ್‌ಗಳಿವೆ. ಇವತ್ತು ಇಲ್ಲದ್ದು ಮುಂದೆ ಬರಬಹುದು, ಪೊಲೀಸರು ಯಾವುದಾದರೂ ಗುಂಪಿನ ಸರ್ವರ್ ಹಿಡಿದಾಗ ಕೀಗಳು ಹೊರಗೆ ಬಂದಿರುವುದುಂಟು.

ಬಂದ ದಾರಿಯನ್ನು ಮುಚ್ಚದೆ ಯಂತ್ರವನ್ನು ವಾಪಸ್ ಕೊಡಬೇಡಿ. ಬಳಕೆದಾರರಿಗೆ ಲೋಕಲ್ ಅಡ್ಮಿನ್ ಹಕ್ಕು ಇತ್ತು ಅಂದರೆ ತೆಗೆಯಿರಿ. ಹೊರಗಿನಿಂದ ನೇರವಾಗಿ ರಿಮೋಟ್ ಡೆಸ್ಕ್‌ಟಾಪ್ ತೆರೆದಿತ್ತು ಅಂದರೆ ಮುಚ್ಚಿ. ಲಾಗ್ ಸಾಲದೆ ಕಷ್ಟಪಟ್ಟಿರಿ ಅಂದರೆ ಈಗಲೇ ಸೆಕ್ಯೂರಿಟಿ ಲಾಗ್‌ನ ಅಳತೆ ಹೆಚ್ಚಿಸಿ, ಕಮಾಂಡ್ ಸಾಲಿನ ದಾಖಲೆ ಆನ್ ಮಾಡಿ, ಸಾಧ್ಯವಾದರೆ ಸಿಸ್‌ಮಾನ್ (ಪ್ರೋಸೆಸ್‌ಗಳ ಓಡಾಟವನ್ನು ವಿವರವಾಗಿ ದಾಖಲಿಸುವ ಸಿಸ್‌ಇಂಟರ್ನಲ್ಸ್ ಟೂಲ್) ಹಾಕಿ, ಲಾಗ್‌ಗಳು ಬೇರೆ ಸರ್ವರ್‌ಗೆ ಹೋಗುವ ಹಾಗೆ ಮಾಡಿ. ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿಯನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಇಡಿ, ಶೇರ್ ಡ್ರೈವ್ ಲಾಕ್ ಆದ ದಿನ ಶೇರ್ ಡ್ರೈವ್‌ನಲ್ಲಿದ್ದ ಪಟ್ಟಿಯೂ ಲಾಕ್ ಆಗಿರುತ್ತದೆ.

ಹೊಸದಾಗಿ ಕಟ್ಟಿದ ಯಂತ್ರವನ್ನೂ ಆ ಬಳಕೆದಾರರ ಅಕೌಂಟನ್ನೂ ಕೆಲವು ವಾರ ಬಿಡದೆ ಗಮನಿಸಿ. ನೀವು ಬ್ಲಾಕ್ ಮಾಡಿದ ಡೊಮೇನ್‌ಗಳಿಗೆ ಫೈರ್‌ವಾಲ್‌ನಲ್ಲಿ ಅಲರ್ಟ್ ಇಟ್ಟಿರಿ. ಯಾವುದೋ ಒಂದು ಯಂತ್ರ ಮತ್ತೆ ಆ ಹೆಸರು ಕೇಳಿದರೆ ಹುಡುಕಾಟದಲ್ಲಿ ಒಂದು ತಪ್ಪಿಹೋಗಿದೆ ಅಂತ ಅರ್ಥ. ಆ ಯಂತ್ರದ ಕೇಬಲ್ ತೆಗೆದು, ವೈಫೈ ಆಫ್ ಆಗಿದೆಯಾ ನೋಡಿ, ಪುಸ್ತಕದಲ್ಲಿ ಸಮಯ ಬರೆದು, ಮೆಮೊರಿಯಿಂದ ಶುರುಮಾಡಿ.